ಬ್ರಾಚ್ ದ್ವೀಪದಲ್ಲಿ ನಿಧಾನವಾಗಿ ನಡೆಯುವುದು

ಹಾರ್ಬೋರ್ನ್

ಕ್ರೊಯೇಷಿಯಾಕ್ಕೆ ಹೋಗಿ ಬಂದ ಮೇಲೆ ಬರ್ಮಿಂಗ್‌ಹ್ಯಾಮಿನ ನಮ್ಮ ಕನ್ನಡ ಬಳಗದಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಏನೇನು ನೋಡಿದಿರಿ? ಡುಬ್ರೊವ್ನಿಕ್‌ನ ಕೋಟೆಗೋಡೆಯ ಮೇಲೆ ನಡೆದಿರಾ? ಇಲ್ಲ. ಆ ಹಸಿರು ಜಲಪಾತಗಳು? ಅವೂ ಇಲ್ಲ. ನಾವು ನೋಡಿದ್ದು ಒಂದು ದ್ವೀಪ, ಅದರಲ್ಲೂ ಬಹುಪಾಲು ಒಬ್ಬ ಅಜ್ಜಿಯ ಅಂಗಳ. ಕೇಳಿದವರಿಗೆ ಪಾಪ ಎನಿಸಿರಬೇಕು, ಮಾತು ಬದಲಿಸಿದರು. ಆದರೆ ಏಡ್ರಿಯಾಟಿಕ್ ಸಮುದ್ರದ ದಡಕ್ಕೆ ಹೊರಟವರು ಯಾವ ಚಪ್ಪಲಿ ಹಾಕಬೇಕು, ಯಾವ ಗಾಳಿಗೆ ಹೆದರಬೇಕು, ಕಾಲಿಗೆ ಸಮುದ್ರದ ಮುಳ್ಳು ಚುಚ್ಚಿದರೆ ಏನು ಹಚ್ಚಬೇಕು ಎಂದು ಕೇಳಿದ್ದರೆ ಸಂಜೆಯವರೆಗೆ ಹೇಳುತ್ತಿದ್ದೆ. ಅವೆಲ್ಲ ನನಗೆ ಗೊತ್ತಾದದ್ದು ವೆಸ್ನಾ ಎಂಬ ಗೈಡ್ ಬಾಯಿಂದ. ಕೆಲವನ್ನು ಕೇಳಿ ಕಲಿತೆ, ಒಂದನ್ನು ಬಿದ್ದು ಕಲಿತೆ.

ಮೊದಲು ನಾವು ಯಾಕೆ ಹೊರಟೆವೆಂದು ಹೇಳಬೇಕು. ನಾವಿರುವುದು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯಲ್ಲಿ, ನಾನು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ನನ್ನ ಗಂಡ ವೀರೇಶ್ ಲೆಮಿಂಗ್ಟನ್ ಕಡೆಗೆ ದಿನಾ ಕಾರಿನಲ್ಲಿ ಹೋಗಿಬರುವ ಎಂಜಿನಿಯರ್. ಇಬ್ಬರೂ ಧಾರವಾಡ ಸೀಮೆಯವರು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಕಟ್ಟಿದ ಹಿಮ ಕೆರೆಯುತ್ತಿದ್ದಾಗ ವೀರೇಶ್‌ಗೆ ಎದೆನೋವು ಬಂತು. ಆಸ್ಪತ್ರೆ ಹತ್ತಿರವಿತ್ತು, ಜೀವ ಉಳಿಯಿತು. ಎರಡು ಸ್ಟೆಂಟ್ ಹಾಕಿದರು. ಬೇಸಿಗೆಯ ಹೊತ್ತಿಗೆ ಆಸ್ಪತ್ರೆಯ ಡಾಕ್ಟರು, ನರ್ಸು, ನಮ್ಮ ಬಡಾವಣೆಯ ಡಾಕ್ಟರು ಎಲ್ಲರೂ ಒಂದೇ ಮಾತು ಹೇಳಿದರು: ಹೃದಯ ಚೆನ್ನಾಗಿದೆ, ನಡೆಯಿರಿ, ಹತ್ತಿರಿ, ಬದುಕಿರಿ.

ವೀರೇಶ್ ನಡೆಯುತ್ತಿದ್ದದ್ದು ನಮ್ಮ ಬೀದಿಯ ಕೊನೆಯ ಅಂಚೆಡಬ್ಬಿಯವರೆಗೆ. ಅಲ್ಲಿಂದ ತಿರುಗಿ ಬರುವಾಗ ಕೈಗಡಿಯಾರದಲ್ಲಿ ನಾಡಿ ನೋಡಿಕೊಳ್ಳುತ್ತಿದ್ದರು. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದರು. ಒಂದು ಕಾಲಕ್ಕೆ ಯಾಣದ ಬಂಡೆಗಳ ನಡುವೆ ನನ್ನನ್ನು ಎಳೆದುಕೊಂಡು ಓಡಾಡಿದ ಮನುಷ್ಯ. ಅವರು ಹೊರಗೆ ಕಾಲಿಟ್ಟರೆ ನಾನೂ ಹಿಂದೆ. ಅವರು ಕೆಮ್ಮಿದರೆ ಅಡುಗೆಮನೆಯಿಂದ ಓಡಿ ಬರುತ್ತಿದ್ದೆ. ಲೀಡ್ಸ್‌ನಲ್ಲಿ ಡಾಕ್ಟರಾಗಿರುವ ಮಗಳು ಆಸ್ಪತ್ರೆಯ ಪಾಳಿಗಳ ನಡುವೆ ಎರಡು ದಿನ ಬಂದವಳು ನಮ್ಮಿಬ್ಬರನ್ನೂ ನೋಡಿ ಹೇಳಿದಳು: "ಅಮ್ಮಾ, ಅಪ್ಪಾ ಈಸ್ ಫೈನ್. ಯೂ ಬೋತ್ ಆರ್ ನಾಟ್. ಜಸ್ಟ್ ಗೋ ಸಮ್‌ವೇರ್."

ಅವಳೇ ಟಿಕೆಟ್ ಮಾಡಿದಳು. ಅವಳ ಗೆಳತಿಯೊಬ್ಬಳಿಗೆ ದ್ವೀಪ ತೋರಿಸಿದ್ದ ಗೈಡ್ ಒಬ್ಬಳ ನಂಬರನ್ನೂ ಕೊಟ್ಟಳು. ನಾನು ವೀರೇಶ್‌ಗೆ ತಿಳಿಯದಂತೆ ಆ ಗೈಡ್‌ಗೆ ಉದ್ದನೆಯ ಇಮೇಲ್ ಬರೆದೆ. ಸ್ಟೆಂಟ್, ಮಾತ್ರೆ, ಎತ್ತರ, ಬಿಸಿಲು, ಎಲ್ಲ. ಉತ್ತರ ಒಂದೇ ಸಾಲು ಬಂತು: "ಬನ್ನಿ. ರಬ್ಬರ್ ಅಟ್ಟೆಯ ಬೂಟು ತನ್ನಿ."

ಸ್ಪ್ಲಿಟ್

ವೆಸ್ನಾ ಸ್ಪ್ಲಿಟ್ ಬಂದರಿನ ಬಳಿ ತಾಳೆಮರಗಳ ಕೆಳಗೆ ಕಾಯುತ್ತಿದ್ದಳು. ನನ್ನದೇ ವಯಸ್ಸು, ಐವತ್ತರ ಮೇಲೆ. ಕತ್ತರಿಸಿದ ನರೆಗೂದಲು, ಸಿಗರೇಟಿನಿಂದ ಒರಟಾದ ದನಿ. ನನ್ನ ಕೈ ಕುಲುಕಿ, ವೀರೇಶ್ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು, "ಹಾಗಾದರೆ ಆ ಹೃದಯ ನಿಮ್ಮದೇ."

ವೀರೇಶ್ ನನ್ನನ್ನು ನೋಡಿದರು. ಮುಖದ ಬಣ್ಣ ಬದಲಾಯಿತು. ವೆಸ್ನಾ ಕಾಫಿ ಹೇಳಲು ಒಳಗೆ ಹೋದ ಕೂಡಲೇ ಕೇಳಿದರು.

"ನನ್ನ ಎದಿ ಸುದ್ದಿ ಇಡೀ ಯುರೋಪಿಗೆ ಡಂಗುರಾ ಹೊಡದೀಯೇನು?"

"ಹೇಳದ ಹೆಂಗ ಇರೂದ್ರೀ? ಗುಡ್ಡಾ ತೋರಸಾಕಿ ಆಕಿ."

"ಗುಡ್ಡಾ ಹತ್ತೂದು ನಾನಲ್ಲ. ಮತ್ತ ಯಾಕ ಹೇಳಬೇಕು?"

ಕುರ್ಚಿಯನ್ನು ಸಮುದ್ರದ ಕಡೆ ತಿರುಗಿಸಿ ಕೂತರು. ಆ ಮುನಿಸಿಗೆ ಅಲ್ಲಿನ ಕಾಫಿ ಒದಗಿ ಬಂತು. ಅಲ್ಲಿ ಒಂದು ಪುಟ್ಟ ಕಪ್ ಕಾಫಿಯ ಮುಂದೆ ಜನ ಅರ್ಧ ದಿನ ಕೂರುತ್ತಾರೆ. ಬರ್ಮಿಂಗ್‌ಹ್ಯಾಮಿನಲ್ಲಿ ಕಾಗದದ ಲೋಟ ಹಿಡಿದು ಬಸ್ಸಿಗೆ ಓಡುವ ನಮ್ಮನ್ನು ಕಂಡರೆ ಇವರು ಪೊಲೀಸರನ್ನು ಕರೆದಾರು. ವೆಸ್ನಾಳ ಮೊದಲ ಸಲಹೆಯೂ ಅದೇ ಆಗಿತ್ತು. "ಕಾಫಿಯನ್ನು ಕೈಯಲ್ಲಿ ಹಿಡಿದು ನಡೆಯಬೇಡಿ. ಜನ ನಿಮಗೆ ಏನೋ ಕೆಟ್ಟದ್ದಾಗಿದೆ ಅಂದುಕೊಳ್ಳುತ್ತಾರೆ. ಮೊದಲ ದಿನ ಏನನ್ನೂ ನೋಡಬೇಡಿ, ಕೂತುಕೊಳ್ಳಿ. ಮತ್ತು ಇಲ್ಲಿ ಯಾರಾದರೂ ಐದು ನಿಮಿಷದ ದಾರಿ ಅಂದರೆ ನೀರಿನ ಬಾಟಲಿ ತೆಗೆದುಕೊಂಡು ಹೊರಡಿ."

ಕೊನೆಯದನ್ನು ಕೇಳಿ ವೀರೇಶ್ ಸ್ವಲ್ಪ ತಲೆ ಎತ್ತಿದರು. ನಮ್ಮ ಕಡೆ "ಇಲ್ಲೇ ಐತ್ರೀ, ಒಂದು ಕೂಗಳತಿ" ಎಂದವರನ್ನು ನಂಬಿ ಊಟದ ಹೊತ್ತು ತಪ್ಪಿಸಿಕೊಂಡ ನೆನಪು ಇಬ್ಬರಿಗೂ ಇದೆ.

ಹಳೆಯ ಊರು ಒಬ್ಬ ರೋಮನ್ ಚಕ್ರವರ್ತಿಯ ಅರಮನೆಯ ಒಳಗೇ ಇದೆ. ಚಕ್ರವರ್ತಿ ಹೋದ ಮೇಲೆ ಜನ ಗೋಡೆಗಳ ನಡುವೆ ಮನೆ ಮಾಡಿಕೊಂಡರು. ಈಗಲೂ ಕಂಬಗಳ ಮೇಲೆ ಬಟ್ಟೆ ಒಣಗುತ್ತವೆ. ಕಾಲಕೆಳಗಿನ ಬಿಳಿ ಸುಣ್ಣದಕಲ್ಲು ಸಾವಿರಕ್ಕೂ ಹೆಚ್ಚು ವರ್ಷದ ಹೆಜ್ಜೆಗಳಿಗೆ ಸವೆದು ಒರೆಸಿದ ಅಡುಗೆಕಟ್ಟೆಯಂತೆ ಹೊಳೆಯುತ್ತದೆ. ವೆಸ್ನಾ ನನ್ನ ಪಾದ ನೋಡಿದಳು. ನಾನು ಊರಿಂದ ತಂದ ಚರ್ಮದ ಚಪ್ಪಲಿ ಹಾಕಿದ್ದೆ.

"ಬೂಟು ಎಲ್ಲಿ?"

"ಚೀಲದಲ್ಲಿದೆ."

"ಚೀಲ ಜಾರುವುದಿಲ್ಲ," ಎಂದಳು.

ಸೂಪೆತಾರ್

ಬ್ರಾಚ್ ದ್ವೀಪಕ್ಕೆ ಎರಡು ಬಗೆಯ ಹಡಗು. ಚೂಪಾದ ವೇಗದ ದೋಣಿ ಒಂದು, ಕಾರು ಲಾರಿಗಳನ್ನು ಹೊತ್ತು ಎಮ್ಮೆಯಂತೆ ಸಾಗುವ ದೊಡ್ಡ ಹಡಗು ಇನ್ನೊಂದು. ಎಮ್ಮೆಯನ್ನೇ ಹಿಡಿಯಿರಿ ಎಂದು ವೆಸ್ನಾ ಹೇಳಿದ್ದಳು. ಗಾಳಿ ಎದ್ದರೆ ಮೊದಲು ನಿಲ್ಲುವುದು ವೇಗದ ದೋಣಿ. ಗಾಳಿಗೆ ಅವರು ಹೆಸರಿಟ್ಟಿದ್ದಾರೆ. ಬೆಟ್ಟದ ಕಡೆಯಿಂದ ಸ್ವಚ್ಛ ಆಕಾಶದಡಿ ಒಮ್ಮೆಲೇ ನುಗ್ಗುವುದು ಬೂರ. ತೆಂಕಣದಿಂದ ತೇವ ಹೊತ್ತು ದಿನಗಟ್ಟಲೆ ಬೀಸುವುದು ಯೂಗೊ. ಯೂಗೊ ಬೀಸುವಾಗ ಯಾರೂ ಮುಖ್ಯವಾದ ತೀರ್ಮಾನ ಮಾಡುವುದಿಲ್ಲವಂತೆ, ಗಂಡ ಹೆಂಡತಿ ಜಗಳವಾಡಿದರೆ ಲೆಕ್ಕಕ್ಕಿಲ್ಲವಂತೆ.

"ಇವತ್ತ್ ಯಾವ ಗಾಳಿ ಕೇಳು," ಎಂದರು ವೀರೇಶ್ ನನ್ನ ಕಡೆ ನೋಡದೆ. ಮುನಿಸು ಕರಗುತ್ತಿರುವ ಗುರುತು ಅದು.

ಸೂಪೆತಾರ್ ಬಂದರಿನಲ್ಲಿ ಇಳಿದಾಗ ಮಧ್ಯಾಹ್ನ. ವೆಸ್ನಾಳ ಊರು ಅಲ್ಲಿಂದ ಕಾರಿನಲ್ಲಿ ಸ್ವಲ್ಪ ದೂರ, ಗುಡ್ಡದ ಓರೆಯಲ್ಲಿ. ಬಿಳಿಕಲ್ಲಿನ ಗೋಡೆ, ಕಲ್ಲಿನ ಹೊದಿಕೆಯ ಮಾಡು, ಸುತ್ತ ಆಲಿವ್ ಮರಗಳು. ನೆಲದಲ್ಲಿ ಎಷ್ಟು ಕಲ್ಲೆಂದರೆ, ಹಿಂದಿನವರು ಅವನ್ನು ಆರಿಸಿ ಆರಿಸಿ ಹೊಲದ ಬದಿಗೆ ಒಟ್ಟಿದ ರಾಶಿಗಳೇ ಗುಡ್ಡಗಳಾಗಿವೆ. ವೆಸ್ನಾ ಮನೆಯ ಮೇಲ್ಮಹಡಿಯ ಕೋಣೆ ನಮ್ಮದು. ಕೆಳಗೆ ಅವಳು, ಅವಳ ತಾಯಿ.

ಹೊಸ ಸಲಹೆಗಳು ದಿನವೂ ಬಂದವು. ಅಂಗಡಿಗೆ ಹೊಕ್ಕರೆ ಮೊದಲು ನಮಸ್ಕಾರ ಹೇಳಿ, ಆಮೇಲೆ ಟೊಮೆಟೊ ಮುಟ್ಟಿ. ನೀರಿಗಿಳಿಯುವಾಗ ರಬ್ಬರ್ ಚಪ್ಪಲಿ ಹಾಕಿ, ಬಂಡೆಗಳಲ್ಲಿ ಕಪ್ಪು ಮುಳ್ಳುಚೆಂಡಿನಂಥ ಪ್ರಾಣಿಗಳಿವೆ. ಮುಳ್ಳು ಚುಚ್ಚಿದರೆ ಕೀಳಲು ಹೋಗಬೇಡಿ, ಆಲಿವ್ ಎಣ್ಣೆ ಹಚ್ಚಿ ಮಲಗಿ. ವೀರೇಶ್‌ಗೆ ಮಾತ್ರ ಅವಳು ಹೇಳುತ್ತಿದ್ದದ್ದು ಒಂದೇ ಶಬ್ದ: ಪೊಮಾಲೊ. ಅವಸರ ಬೇಡ, ಮೆಲ್ಲಗೆ ಆಗಲಿ, ಆಗುತ್ತದೆ, ಎಲ್ಲ ಅದರಲ್ಲಿ ಬಂತು. ಅವರು ಒಂದು ದಿಬ್ಬ ನೋಡಿ ನಿಂತರೆ ಅವಳು ಕೈ ಹಿಡಿಯಲು ಬರುತ್ತಿರಲಿಲ್ಲ. ಪೊಮಾಲೊ ಎಂದು ತಾನು ಮುಂದೆ ಹೋಗಿ ಕಲ್ಲಿನ ಮೇಲೆ ಕೂತು ಸಿಗರೇಟು ಹಚ್ಚುತ್ತಿದ್ದಳು. ಹೃದಯದ ರೋಗಿಯ ಮುಂದೆ ಸೇದಬಾರದೆಂದು ನಾನು ಹೇಳಿದೆ. ಅವಳು ಗಾಳಿಯ ದಿಕ್ಕು ನೋಡಿ ಇನ್ನೊಂದು ಕಲ್ಲಿಗೆ ಹೋಗಿ ಕೂತಳು.

ಅವಳು ಹೇಳಿದ್ದೆಲ್ಲ ಸರಿಯಿತ್ತೆಂದಲ್ಲ. ನಾಳೆ ಗಾಳಿಯೇ ಇಲ್ಲ ಎಂದು ಆಣೆ ಮಾಡಿದ ಮರುದಿನ ಬೂರ ಎದ್ದು, ಒಣಗಲು ಹಾಕಿದ ನನ್ನ ಚೂಡಿದಾರ್ ದುಪಟ್ಟಾ ಪಕ್ಕದವರ ಆಲಿವ್ ಮರಕ್ಕೆ ಹೋಗಿ ಸುತ್ತಿಕೊಂಡಿತು.

ಪೈನ್ ಮರಗಳ ಕೆಳಗಿನ ಕೊಲ್ಲಿ

ಬೂರ ಇಳಿದ ಮೇಲೆ ಸಮುದ್ರ ಗಾಜಿನಂತಾಯಿತು. ಆ ದಿನ ವೆಸ್ನಾಳಿಗೆ ಬೇರೆ ಪ್ರವಾಸಿಗಳಿದ್ದರು. ಬೆಳಿಗ್ಗೆ ನಮ್ಮನ್ನು ಗುಡ್ಡದ ಮೇಲಿನ ರಸ್ತೆಯಲ್ಲಿ ಇಳಿಸಿ, ಕೆಳಗೊಂದು ಸಣ್ಣ ಕೊಲ್ಲಿಯಿದೆ, ಮಧ್ಯಾಹ್ನದ ನಂತರ ಇಲ್ಲಿಂದಲೇ ಕರೆದೊಯ್ಯುತ್ತೇನೆ ಎಂದಳು. ಕೆಳಗೆ ಫೋನ್ ಸಿಗ್ನಲ್ ಸಿಗುವುದಿಲ್ಲ ಎಂದೂ ಹೇಳಿದ್ದಳು. ವೀರೇಶ್ ಬರುವುದೇ ಇಲ್ಲ ಅಂದಿದ್ದರು. ಇಳಿಯುವುದಷ್ಟೇ ತಾನೇ, ಹತ್ತುವಾಗ ಸಾವಕಾಶ ಹತ್ತಿದರಾಯಿತು ಎಂದು ನಾನು ಒಪ್ಪಿಸಿದ್ದೆ.

ಪೈನ್ ಮರಗಳ ನಡುವಿನ ಕಾಲುದಾರಿ. ಕೊನೆಯಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲು, ಅದರ ಮೇಲೆ ಒಣಗಿದ ಪೈನ್ ಎಲೆ. ನಾನು ಹಿಂದೆ ನೋಡುತ್ತ ಇಳಿಯುತ್ತಿದ್ದೆ, ವೀರೇಶ್ ಮುಖ ಬೆವೆತಿದೆಯೇ ಎಂದು. ಬಲಗಾಲಿನ ಚರ್ಮದ ಚಪ್ಪಲಿ ಜಾರಿತು. ಎರಡು ಮೆಟ್ಟಿಲು ಕೆಳಗೆ ಕುಕ್ಕರಿಸಿ ಬಿದ್ದೆ, ಕಾಲು ನನ್ನಡಿ ಮಡಚಿಕೊಂಡಿತು. ಏಳಲು ನೋಡಿದೆ, ಕಣ್ಣು ಕತ್ತಲೆ ಬಂತು.

ವೀರೇಶ್ ಇಳಿದು ಬಂದು ನನ್ನನ್ನು ಮರದ ನೆರಳಿಗೆ ಸರಿಸಿ ಕೂರಿಸಿದರು. ತಮ್ಮ ಟವೆಲ್ಲನ್ನು ಸಮುದ್ರದಲ್ಲಿ ನೆನೆಸಿ ಕಾಲಿಗೆ ಸುತ್ತಿದರು. ಕೊಲ್ಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ.

"ನಾ ಮ್ಯಾಲ ಹೋಗಿ ಫೋನ್ ಮಾಡಿ ಬರ್ತೀನಿ," ಎಂದರು.

"ಬ್ಯಾಡ್ರೀ. ವೆಸ್ನಾ ಮಧ್ಯಾಹ್ನ ಬರ್ತಾಳ. ಅಲ್ಲೀತನಕಾ ಕಾಯೋಣು."

"ಕಾಲು ನೋಡ್ಕೋ, ಹೆಂಗ ಬಾತೈತಿ. ಅಲ್ಲೀತನಕಾ ಹಿಂಗ ಕುಂದ್ರತೀಯೇನು?"

"ಏನರ ಆದ್ರ? ನಡುದಾರ್ಯಾಗ ಏನರ ಆದ್ರ ನಾ ಏನ್ ಮಾಡ್ಲಿ? ಈ ಕಾಲು ತಗೊಂಡು ಎಲ್ಲಿ ಓಡ್ಲಿ?"

ಆಸ್ಪತ್ರೆಯಿಂದ ಬಂದ ಮೇಲೆ ನಾವಿಬ್ಬರೂ ಬಾಯಿಬಿಟ್ಟು ಆಡದ ಮಾತು ಅದು.

"ಏನೂ ಆಗೂದಿಲ್ಲ ಅಂತ ನಾ ಹೇಳೂದಿಲ್ಲ, ಶೈಲಾ," ಎಂದರು. "ಆದ್ರ ಇಲ್ಲೇ ಕುಂತು ನಿನ್ನ ಮಾರಿ ನೋಡೂದು ನನ್ನ ಕಡೆ ಆಗೂದಿಲ್ಲ. ಪೊಮಾಲೊ ಹೋಗ್ತೀನಿ."

ನೀರಿನ ಬಾಟಲಿಯನ್ನು ನನ್ನ ಪಕ್ಕ ಇಟ್ಟರು. ನಾನು ಅದನ್ನು ಅವರ ಕೈಗೆ ಕೊಟ್ಟೆ. ಅವರು ಅರ್ಧ ಕುಡಿದು ಮತ್ತೆ ನನ್ನ ಪಕ್ಕವೇ ಇಟ್ಟು ಹೊರಟರು.

ಅವರ ಬಿಳಿ ಟೋಪಿ ಮರಗಳ ನಡುವೆ ಏರುವುದು ಕಾಣುತ್ತಿತ್ತು. ಏರಿತು, ನಿಂತಿತು. ಮತ್ತೆ ಏರಿತು. ಒಂದು ತಿರುವಿನಲ್ಲಿ ಬಹಳ ಹೊತ್ತು ನಿಂತಿತು, ಆಮೇಲೆ ಕಾಣದಾಯಿತು. ಹೆಸರು ಹಿಡಿದು ಕೂಗಿದೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವರ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಜೀರುಂಡೆಗಳ ಸದ್ದು ಬಿಟ್ಟರೆ ಉತ್ತರವಿಲ್ಲ.

ಕಾಲಿನ ನೋವು ಆಗ ನನಗೆ ಗೊತ್ತಾಗಲೇ ಇಲ್ಲ. ಕೆಲಸದಲ್ಲಿ ದಿನಾ ಮುಟ್ಟುವ ಮಾತ್ರೆಗಳ ಹೆಸರುಗಳು ತಲೆಯಲ್ಲಿ ಸುತ್ತಿದವು. ಬೆಳಿಗ್ಗೆ ತೆಗೆದುಕೊಂಡರೇ, ಎದೆನೋವು ಬಂದರೆ ನಾಲಿಗೆಯಡಿ ಹಾಕುವ ಸ್ಪ್ರೇ ಅವರ ಕಿಸೆಯಲ್ಲಿದೆಯೇ, ನನ್ನ ಚೀಲದಲ್ಲಿದೆಯೇ? ಚೀಲ ಹುಡುಕಿದೆ. ಅದು ನನ್ನ ಚೀಲದಲ್ಲೇ ಇತ್ತು. ಕೈಯಲ್ಲಿ ಹಿಡಿದು ಕೂತೆ. ಮೇಲಿನ ದಾರಿಯಿಂದ ಕಣ್ಣು ಕೀಳಲಿಲ್ಲ. ನೆರಳು ನನ್ನ ಕಾಲಿನಿಂದ ಸರಿದುಹೋಯಿತು. ಯಾರೂ ಇಳಿದು ಬರಲಿಲ್ಲ.

ಆಗ ಬೆನ್ನ ಹಿಂದಿನಿಂದ, ಸಮುದ್ರದ ಕಡೆಯಿಂದ, ಎಂಜಿನ್ನಿನ ಟುಕ್ ಟುಕ್ ಕೇಳಿತು. ತಿರುಗಿ ನೋಡಿದರೆ ಕೊಲ್ಲಿಯ ಬಾಯಲ್ಲಿ ನೀಲಿ ಬಣ್ಣದ ಸಣ್ಣ ಮೀನುದೋಣಿ. ಹಿಂದೆ ಚುಕ್ಕಾಣಿ ಹಿಡಿದ ದಪ್ಪ ಮನುಷ್ಯ. ಮುಂದಿನ ತುದಿಯಲ್ಲಿ, ಬಲೆಗಳ ರಾಶಿಯ ಮೇಲೆ, ಬಿಳಿ ಟೋಪಿ ಹಾಕಿ ನನ್ನ ಗಂಡ.

"ಶೈಲಾ," ಎಂದು ಅಲ್ಲಿಂದಲೇ ಕೂಗಿದರು, "ಆಟೋ ತಂದೀನಿ."

ಆದದ್ದು ಇಷ್ಟು. ಮೇಲೆ ಹತ್ತಿ ಫೋನ್ ಮಾಡಿದಾಗ ವೆಸ್ನಾ ದ್ವೀಪದ ಇನ್ನೊಂದು ತುದಿಯಲ್ಲಿದ್ದಳು. ಕಾಲು ಮುರಿದವಳನ್ನು ಆ ಮೆಟ್ಟಿಲ ಮೇಲೆ ಹೊತ್ತು ತರಲಾಗದು, ಗುಡ್ಡದ ಆಚೆ ಬದಿಗೆ ಇಳಿದರೆ ತನ್ನ ಚಿಕ್ಕಪ್ಪನ ಮಗ ಆಂಟೆಯ ದೋಣಿ ಇದೆ, ತಾನು ಅವನಿಗೆ ಹೇಳುತ್ತೇನೆ ಎಂದಳಂತೆ. ಎಷ್ಟು ದೂರ ಎಂದು ಇವರು ಕೇಳಿದ್ದಾರೆ. ಐದು ನಿಮಿಷ ಎಂದಿದ್ದಾಳೆ.

"ಐದು ನಿಮಿಷಾನ?" ಎಂದು ವೀರೇಶ್ ದೋಣಿಯಲ್ಲಿ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನಗತೊಡಗಿದರು. "ಒಂದು ಗುಡ್ಡಾ ಇಳದು ಇನ್ನೊಂದು ಹತ್ತೀನಿ. ಐದು ನಿಮಿಷಂತ, ಐದು ನಿಮಿಷ." ನಗು ನಿಲ್ಲಲಿಲ್ಲ. ಆಂಟೆಗೆ ಭಾಷೆ ತಿಳಿಯದಿದ್ದರೂ ಅವನೂ ನಕ್ಕ. ನಾನು ಅತ್ತೆ. ಸ್ಪ್ರೇ ಬಾಟಲಿ ಇನ್ನೂ ನನ್ನ ಮುಷ್ಟಿಯಲ್ಲಿತ್ತು.

ಅಜ್ಜಿಯ ಅಂಗಳ

ಸೂಪೆತಾರಿನ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು. ಪಾದದ ಗೆಣ್ಣಿನ ಬಳಿ ಸಣ್ಣ ಬಿರುಕು. ಮಂಡಿಯವರೆಗೆ ಬರುವ ಪ್ಲಾಸ್ಟಿಕ್ ಬೂಟು ತೊಡಿಸಿ, ಓಡಾಡಬೇಡಿ ಎಂದರು. ವೆಸ್ನಾ ಬಂದವಳು ಆ ಬೂಟನ್ನು ನೋಡಿ, "ಕೊನೆಗೂ ಸರಿಯಾದದ್ದು ಹಾಕಿದ್ದೀರಿ," ಎಂದಳು. ಆಮೇಲೆ ನನ್ನ ಪಕ್ಕ ಕೂತು ತೋಳಿನ ಮೇಲೆ ಕೈಯಿಟ್ಟಳು. ಮುಂದಿನ ದಿನಗಳಿಗೆಂದು ಡುಬ್ರೊವ್ನಿಕ್‌ನಲ್ಲಿ ನಾವು ಕಾಯ್ದಿರಿಸಿದ್ದ ಕೋಣೆಯನ್ನು ಅವಳೇ ರದ್ದು ಮಾಡಿಸಿದಳು.

ಉಳಿದ ದಿನಗಳನ್ನು ನಾನು ಅವಳ ತಾಯಿಯ ವಶದಲ್ಲಿ ಕಳೆದೆ. ಎಂಬತ್ತು ದಾಟಿದ ಅವರಿಗೆ ಇಂಗ್ಲಿಷಿಲ್ಲ, ನನಗೆ ಅವರ ಭಾಷೆಯಿಲ್ಲ. ಆದರೂ ಮೊದಲ ದಿನವೇ ಅವರ ಬೈಗುಳ ನನಗೆ ಪೂರ್ತಿ ಅರ್ಥವಾಯಿತು. ಎರಡು ಕಿಟಕಿ ಎದುರುಬದುರು ತೆರೆದಿದ್ದರೆ ನಡುವೆ ಹಾಯುವ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ ಎಂದು ಆ ದೇಶದವರು ಗಟ್ಟಿಯಾಗಿ ನಂಬಿದ್ದಾರೆ. ಒದ್ದೆ ತಲೆಯಲ್ಲಿ ಹೊರಗೆ ಬಂದರೆ ಜ್ವರ, ತಣ್ಣನೆ ಕಲ್ಲಿನ ಮೇಲೆ ಕೂತರೆ ಹೊಟ್ಟೆನೋವು. ನಾನು ತಲೆಸ್ನಾನ ಮಾಡಿ ಅಂಗಳಕ್ಕೆ ಬಂದಾಗ ಅವರು ಕೈಗೆ ಸಿಕ್ಕ ಉಣ್ಣೆಯ ಚೌಕವನ್ನು ನನ್ನ ಕಿವಿ ಮುಚ್ಚುವಂತೆ ಕಟ್ಟಿದರು. ಗದಗಿನ ನನ್ನ ಅವ್ವ ಇದ್ದಿದ್ದರೆ ಗಂಟನ್ನು ಇನ್ನೂ ಬಿಗಿ ಮಾಡುತ್ತಿದ್ದಳು, ಅಷ್ಟೇ ವ್ಯತ್ಯಾಸ. ಬರ್ಮಿಂಗ್‌ಹ್ಯಾಮಿನಲ್ಲಿ ಚಳಿಗೆ ಬಾಗಿಲು ಮುಚ್ಚಿದರೆ ಹೀಟಿಂಗ್ ಬಿಲ್ಲಿನ ಮಾತು ಬರುತ್ತದೆ. ಗಾಳಿ ಬಡಿದೀತು ಎಂದು ನನಗಾಗಿ ಕಿಟಕಿ ಮುಚ್ಚಿದವರನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ.

ನಾವು ಮಾಂಸ, ಮೀನು ತಿನ್ನುವುದಿಲ್ಲವೆಂದು ತಿಳಿದು ಅವರು ಮೊದಲು ನಂಬಲಿಲ್ಲ, ಆಮೇಲೆ ಕಾಯಿಲೆಯೆಂದುಕೊಂಡರು, ಕೊನೆಗೆ ಇದೊಂದು ಸವಾಲೆಂದು ಸ್ವೀಕರಿಸಿದರು. ಎದುರು ದಡದ ಬೆಟ್ಟದ ಸೀಮೆ ಅವರ ತವರು. ಅಲ್ಲಿನ ಒಂದು ತಿನಿಸಿದೆ, ಸೋಪಾರ್ನಿಕ್. ತೆಳ್ಳಗೆ ಲಟ್ಟಿಸಿದ ಎರಡು ದೊಡ್ಡ ಹಾಳೆಗಳ ನಡುವೆ ಹೆಚ್ಚಿದ ಸೊಪ್ಪು, ಈರುಳ್ಳಿ ತುಂಬಿ, ಒಲೆಯ ಕಲ್ಲಿನ ಮೇಲಿಟ್ಟು, ಮೇಲೆ ಕೆಂಡ ಬೂದಿ ಮುಚ್ಚಿ ಬೇಯಿಸುತ್ತಾರೆ. ಬೂದಿ ಗುಡಿಸಿ ಬೆಳ್ಳುಳ್ಳಿ, ಆಲಿವ್ ಎಣ್ಣೆ ಸವರುತ್ತಾರೆ. ಅಜ್ಜಿ ಹಿಟ್ಟು ಲಟ್ಟಿಸುವುದನ್ನು ನೋಡುತ್ತಿದ್ದ ವೀರೇಶ್ ತಡೆಯಲಾಗದೆ ಲಟ್ಟಿಸುವ ಕೋಲಿಗೆ ಕೈ ನೀಡಿದರು. ಮನೆಯಲ್ಲಿ ಹೋಳಿಗೆ ಲಟ್ಟಿಸುವುದು ಅವರ ಕೆಲಸವೇ. ಅಜ್ಜಿ ಅವರ ಕೈ ನೋಡಿ ಹುಬ್ಬೇರಿಸಿ ವೆಸ್ನಾಗೆ ಏನೋ ಹೇಳಿದರು.

"ಏನಂತೆ?" ಎಂದೆ.

"ಈ ಗಂಡಸಿಗೆ ಏನೂ ಕಾಯಿಲೆಯಿಲ್ಲ ಅನ್ನುತ್ತಿದ್ದಾಳೆ. ಎರಡನೆಯ ಹಾಳೆ ಇನ್ನೂ ತೆಳ್ಳಗಾಗಲಿ ಅಂತಲೂ."

ನಾನು ಅಂಗಳದಲ್ಲಿ ಕಾಲು ಚಾಚಿ ಕೂತೆ. ನೀರು, ಪುಸ್ತಕ, ದಿಂಬು, ಎಲ್ಲ ವೀರೇಶ್ ತಂದುಕೊಟ್ಟರು. ಮಹಡಿಯ ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿದರೋ. ಒಂದು ಸಂಜೆ ಅವರು ಹೇಳಿದರು, "ನೀ ನನ್ನ ಹಿಂದ ಹಿಂದ ಬರೂದು ಕಂಡ್ರ ನನಗ ಅಂಜಿಕಿ ಆಗತಿತ್ತು. ಡಾಕ್ಟರ್ ನನಗ ಹೇಳಲಾರದ್ದೇನರ ನಿನ್ನ ಮುಂದ ಹೇಳ್ಯಾರೇನು ಅಂತ."

"ನಂಗೂ ಹಂಗ ಅನಸತಿತ್ತು," ಎಂದೆ. "ನೀವು ಮೆಟ್ಟಲ ಮ್ಯಾಲ ನಿಂತಾಗೆಲ್ಲಾ ಏನೋ ನೋವು ಮುಚ್ಚಿಡಾಕತ್ತೀರಿ ಅಂತ."

"ನೋವು ಇರಲಿಲ್ಲ."

"ಮತ್ತ?"

"ಬರತೈತೇನೋ ಅಂತ ಕಾಯ್ತಿದ್ದೆ."

ಕೊನೆಯ ಬೆಳಿಗ್ಗೆ

ಹೊರಡುವ ದಿನ ಎದ್ದಾಗ ವೀರೇಶ್ ಹಾಸಿಗೆಯಲ್ಲಿರಲಿಲ್ಲ. ಬಚ್ಚಲಲ್ಲೂ ಇಲ್ಲ. ಅವರ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ಊರುಗೋಲು ಹಿಡಿದು ಕಿಟಕಿಗೆ ಹೋದೆ. ಕೆಳಗೆ ವೆಸ್ನಾ ಗಿಡಗಳಿಗೆ ನೀರು ಹಾಕುತ್ತಿದ್ದಳು.

"ಬೆಳಕು ಹರಿಯುವಾಗ ಹೋದರು," ಎಂದಳು. "ಎಲ್ಲಿಗೆಂದು ಕೇಳಲಿಲ್ಲ."

"ಯಾಕೆ ಕೇಳಲಿಲ್ಲ?"

ಅವಳು ನೀರಿನ ಪೈಪು ಹಿಡಿದುಕೊಂಡೇ ಮೇಲೆ ನೋಡಿದಳು. "ಅವರು ಶಿಳ್ಳೆ ಹಾಕುತ್ತಿದ್ದರು," ಎಂದಳು.

ನಾನು ಕಿಟಕಿಯ ಬಳಿಯೇ ಕೂತೆ. ಬಿಸಿಲು ಗೋಡೆಯಿಂದ ಅಂಗಳಕ್ಕೆ ಇಳಿಯಿತು. ಅಜ್ಜಿ ಬಂದು ನನ್ನ ಬೆನ್ನ ಹಿಂದಿನ ಕಿಟಕಿ ಮುಚ್ಚಿ ಹೋದರು. ಕೊನೆಗೆ ರಸ್ತೆಯ ತಿರುವಿನಲ್ಲಿ ಒಂದು ಹಳೆಯ ಟೆಂಪೊ ನಿಂತು, ಅದರಿಂದ ವೀರೇಶ್ ಇಳಿದರು. ಬಗಲಲ್ಲಿ ಉದ್ದನೆಯ ಬ್ರೆಡ್ಡು, ಅಂಗಿಯ ಮಡಿಲಿನಲ್ಲಿ ಅಂಜೂರದ ಹಣ್ಣು, ಮೊಣಕಾಲವರೆಗೆ ಧೂಳು. ಟೆಂಪೊದವನಿಗೆ ಕೈ ಬೀಸಿ, ಅಂಗಳ ದಾಟಿ, ಮೆಟ್ಟಿಲನ್ನು ನಿಲ್ಲದೆ ಹತ್ತಿ ಬಂದರು. ಕೆಳಗಿನ ಊರಿನ ಬೇಕರಿಯವರೆಗೂ ನಡೆದು ಹೋಗಿ, ದಾರಿ ತಪ್ಪಿ, ಯಾರದೋ ಹೊಲ ಹೊಕ್ಕು, ಆ ಹೊಲದವನೇ ಹಣ್ಣು ಕೊಟ್ಟು ಗಾಡಿ ಹತ್ತಿಸಿದ್ದನಂತೆ.

ಅವರ ಹಣೆಯ ಮೇಲೆ ಬೆವರಿತ್ತು. ನನ್ನ ಬಾಯಿಗೆ ಹಲವು ಪ್ರಶ್ನೆಗಳು ಬಂದವು. ಅವರು ನನ್ನ ಮುಖ ನೋಡುತ್ತ ಬಾಗಿಲಲ್ಲೇ ನಿಂತರು, ಯಾವುದು ಮೊದಲು ಬರುತ್ತದೆಂದು ಕಾಯುವವರಂತೆ.

"ಹಣ್ಣು ತೊಳೀರಿ," ಎಂದೆ. "ಚಾ ಇಡ್ತೀನಿ."

"ನೀ ಎಲ್ಲಿ ಏಳ್ತಿ," ಎಂದು ಅವರೇ ಕೆಟಲಿಗೆ ನೀರು ತುಂಬಿದರು.